ಕರೆಂಟು ನಮ್ಮದು, ಲೆಕ್ಕ ಯಾರದು?

2025ರ ಸೆಪ್ಟೆಂಬರ್ 28ರ ಭಾನುವಾರ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನಲ್ಲಿ ಒಂದು ಚುನಾವಣೆ ನಡೆಯಿತು. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಆಡಳಿತ ಮಂಡಳಿಯ 15 ಸ್ಥಾನಗಳಿಗೆ ಷೇರುದಾರರು ಮತ ಹಾಕಿದರು. ಕಂಬ, ತಂತಿ, ಟಿಸಿ (ಟ್ರಾನ್ಸ್‌ಫಾರ್ಮರ್) ನೋಡಿಕೊಳ್ಳುವ ಒಂದು ಸಂಘದ ಚುನಾವಣೆ ಅದು. ಆದರೆ ಜಿಲ್ಲಾ ಉಸ್ತುವಾರಿ ಸಚಿವ ಸತೀಶ ಜಾರಕಿಹೊಳಿ, ಚಿಕ್ಕೋಡಿಯ ಮಾಜಿ ಸಂಸದರಾದ ಅಣ್ಣಾಸಾಹೇಬ ಜೊಲ್ಲೆ ಮತ್ತು ರಮೇಶ ಕತ್ತಿ, ಮಾಜಿ ಸಚಿವ ಎ.ಬಿ. ಪಾಟೀಲ ಇವರೆಲ್ಲ ಅದಕ್ಕಾಗಿ ಊರೂರು ಸುತ್ತಿದರು. ಕತ್ತಿ–ಪಾಟೀಲ ಪ್ಯಾನೆಲ್ 15ಕ್ಕೆ 15 ಗೆದ್ದಿತು. ಗುಲಾಲು ಹಾರಿತು, ಪಟಾಕಿ ಸಿಡಿಯಿತು. ಮುಂದಿನ ವಾರವೆಲ್ಲ ಚಹಾದಂಗಡಿಗಳಲ್ಲಿ ಯಾರು ಯಾರಿಗೆ ಮಣ್ಣು ಮುಕ್ಕಿಸಿದರು ಎಂಬುದೇ ಮಾತು.

ಈ ಗದ್ದಲದಲ್ಲಿ ಒಂದು ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಗೆದ್ದವರು ಕರೆಂಟಿಗೆ ಏನು ಮಾಡುತ್ತಾರೆ? ಸೋತವರು ಗೆದ್ದಿದ್ದರೆ ಏನು ಮಾಡುತ್ತಿದ್ದರು? ಪ್ರಚಾರದಲ್ಲಿ ಸ್ವಾಭಿಮಾನದ ಮಾತು ಬಂತು, ಹೊರಗಿನವರು ಒಳಗಿನವರು ಎಂಬ ಮಾತು ಬಂತು, ಜಾತಿ ಲೆಕ್ಕ ಬಹಿರಂಗವಾಗಿಯೇ ನಡೆಯಿತು. ಕೊಂಡ ವಿದ್ಯುತ್ತಿನಲ್ಲಿ ಎಷ್ಟು ಸೋರುತ್ತಿದೆ, ಸಂಘ ಯಾರಿಗೆ ಎಷ್ಟು ಕೊಡಬೇಕು, ಸಂಘಕ್ಕೆ ಯಾರಿಂದ ಎಷ್ಟು ಬರಬೇಕು ಎಂಬ ಲೆಕ್ಕಕ್ಕೆ ಅಲ್ಲಿ ಜಾಗ ಸಿಗಲಿಲ್ಲ. ಆ ಲೆಕ್ಕವೇ ಈ ಸಂಘದ ಜೀವ. ಅದನ್ನು ಕೇಳುವ ಹಕ್ಕು ನಾಡಿನ ಬೇರಾವ ತಾಲ್ಲೂಕಿನ ಗ್ರಾಹಕನಿಗಿಂತ ಹೆಚ್ಚಾಗಿ ಹುಕ್ಕೇರಿಯ ಗ್ರಾಹಕನಿಗೆ ಇದೆ. ಅದಕ್ಕೇ ಈ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಹುಕ್ಕೇರಿ ತಾಲ್ಲೂಕಿನ ಕಣಗಲಾದಲ್ಲಿ ನಿಂತು ನೋಡಿದರೆ ಈ ಸಂಘ ಎಷ್ಟು ಅಪರೂಪದ್ದು ಎಂಬುದು ಬೇಗ ತಿಳಿಯುತ್ತದೆ. ಪಕ್ಕದಲ್ಲೇ ಪುಣೆ–ಬೆಂಗಳೂರು ಹೆದ್ದಾರಿ, ಅದು ಕೇಂದ್ರ ಸರಕಾರದ್ದು. ಎಚ್‌ಎಲ್‌ಎಲ್ ಲೈಫ್‌ಕೇರ್ ಕಾರಖಾನೆಯೂ ಕೇಂದ್ರದ ಉದ್ಯಮವೇ. ಪಶ್ಚಿಮಕ್ಕೆ ಹೊರಟರೆ ಕೊಲ್ಲಾಪುರ ಜಿಲ್ಲೆ, ಅಲ್ಲಿ ಕರೆಂಟು ಕೊಡುವುದು ಮಹಾರಾಷ್ಟ್ರದ ಮಹಾವಿತರಣ. ಘಾಟು ಇಳಿದು ನಿಪ್ಪಾಣಿಗೆ ಹೋದರೆ ಸರಕಾರಿ ಕಂಪನಿ ಹೆಸ್ಕಾಂ. ಆಚೆ ಗೋಕಾಕ, ಮೂಡಲಗಿಗೆ ಹೋದರೂ ಹೆಸ್ಕಾಂ. ನಡುವೆ ಹುಕ್ಕೇರಿ ತಾಲ್ಲೂಕಿನಲ್ಲಿ ಮಾತ್ರ ಕರೆಂಟು ಹಂಚುವುದು ಗ್ರಾಹಕರೇ ಷೇರುದಾರರಾಗಿರುವ ಒಂದು ಸಹಕಾರಿ ಸಂಘ. ಕರ್ನಾಟಕದಲ್ಲಿ ಇಂಥದು ಇದೊಂದೇ. ಗೋಕಾಕದ ರೈತನ ಹೊಲದ ಟಿಸಿ ಸುಟ್ಟರೆ ಆತ ಹೆಸ್ಕಾಂ ಶಾಖಾಧಿಕಾರಿಯ ಬಾಗಿಲು ಬಡಿಯಬೇಕು. ಆ ಅಧಿಕಾರಿಯನ್ನು ನೇಮಿಸುವುದರಲ್ಲಾಗಲಿ ತೆಗೆಯುವುದರಲ್ಲಾಗಲಿ ರೈತನ ಮಾತು ನಡೆಯದು. ಹುಕ್ಕೇರಿಯ ಷೇರುದಾರ ರೈತ ಮಾತ್ರ ತಾನೇ ಮತ ಹಾಕಿ ಕೂರಿಸಿದ ನಿರ್ದೇಶಕನನ್ನು ಕೇಳಬಹುದು.

ಇದು ಹೇಗೆ ಬಂತು? 1960ರ ದಶಕದ ಬರಗಾಲದ ದಿನಗಳಲ್ಲಿ ಹಳ್ಳಿಗೆ ವಿದ್ಯುತ್ ಮುಟ್ಟಿಸದೆ ಬಾವಿಯ ನೀರು ಹೊಲಕ್ಕೆ ಏರದು ಎಂಬುದು ದಿಲ್ಲಿಗೆ ಮನವರಿಕೆಯಾಯಿತು. ಅಮೆರಿಕದಲ್ಲಿ 1930ರ ದಶಕದಲ್ಲಿ ಖಾಸಗಿ ಕಂಪನಿಗಳು ಲಾಭವಿಲ್ಲವೆಂದು ಹಳ್ಳಿಗಳ ಕಡೆ ತಿರುಗಿ ನೋಡದಿದ್ದಾಗ ರೈತರೇ ಸಹಕಾರಿ ಸಂಘ ಕಟ್ಟಿ, ಸರಕಾರದ ಸಾಲ ತಂದು, ತಂತಿ ಎಳೆದುಕೊಂಡಿದ್ದರು. ಆ ಸಂಘಗಳ ಒಕ್ಕೂಟದ ತಜ್ಞರು ಇಲ್ಲಿಗೂ ಬಂದರು. ಪಿ.ಎಲ್. 480 ಯೋಜನೆಯಲ್ಲಿ ಅಮೆರಿಕದಿಂದ ಬಂದ ಗೋಧಿಯನ್ನು ಮಾರಿ ಕೂಡಿದ್ದ ರೂಪಾಯಿ ನೆರವಾಯಿತು. 1969ರ ಜುಲೈಯಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿತು. ಪ್ರಯೋಗಕ್ಕೆಂದು ದೇಶದಲ್ಲಿ ಐದು ಕಡೆ ಸಹಕಾರಿ ಸಂಘಗಳನ್ನು ಆರಿಸಿದರು: ಗುಜರಾತಿನ ಕೊಡಿನಾರ್, ಮಹಾರಾಷ್ಟ್ರದ ಮುಳಾ–ಪ್ರವರಾ, ಅಂದಿನ ಆಂಧ್ರದ ಸಿರ್ಸಿಲ್ಲಾ, ಉತ್ತರ ಪ್ರದೇಶದ ಲಖನೌ, ಮತ್ತು ಅಂದಿನ ಮೈಸೂರು ರಾಜ್ಯದ ಹುಕ್ಕೇರಿ.

ಹುಕ್ಕೇರಿಯ ಹೆಸರು ಆ ಪಟ್ಟಿಗೆ ಸುಮ್ಮನೆ ಬಿದ್ದದ್ದಲ್ಲ. ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರಖಾನೆ ಕಟ್ಟಿದ ಅಪ್ಪಣಗೌಡ ಪಾಟೀಲರಂಥವರು ಆ ಹೊತ್ತಿಗಾಗಲೇ ಈ ಭಾಗದ ಒಕ್ಕಲಿಗೆ ಸಹಕಾರದ ರುಚಿ ಹತ್ತಿಸಿದ್ದರು. ಅವರನ್ನು ಇಂದಿಗೂ ಇಲ್ಲಿ ಸಹಕಾರ ಮಹರ್ಷಿ ಎಂದೇ ಕರೆಯುತ್ತಾರೆ. ವಿದ್ಯುತ್ ಸಂಘದ ಸ್ಥಾಪಕರೂ ಅವರೇ. ಮುಂಬೈ ಕರ್ನಾಟಕಕ್ಕೆ ಸಹಕಾರ ಹೊಸದಾಗಿರಲಿಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ತೆರೆದ ಮೇಲೆ ಈ ನೆಲದಲ್ಲಿ ಮೂರು ತಲೆಮಾರು ಕೂಡಿ ದುಡ್ಡು ಹಾಕಿ ಕೂಡಿ ಕೆಲಸ ಮಾಡುವುದನ್ನು ಕಲಿತಿತ್ತು. ಯಂತ್ರ ಓಡಿಸುವ ಶಕ್ತಿಯೂ ಹೊಸದಲ್ಲ ಎನ್ನಿ. ಗೋಕಾಕ ಜಲಪಾತದ ನೀರಿನ ಬಲದಿಂದ ಹತ್ತಿ ಗಿರಣಿ ಓಡತೊಡಗಿದ್ದು 1887ರ ಹೊತ್ತಿಗೆ. ಆದರೆ ಆ ನೀರಿನ ಬಲ ಗಿರಣಿಯ ಮಾಲೀಕರದಾಗಿತ್ತು. ಹುಕ್ಕೇರಿಯ ಒಕ್ಕಲಿನ ಹೆಸರಿನಲ್ಲಿ ಕಂಬ ನೆಟ್ಟಿದ್ದು 1969ರ ಸಂಘ.

ಆ ಐದು ಸಂಘಗಳಲ್ಲಿ ಇಂದು ಉಳಿದಿರುವವು ಎರಡೇ, ಹುಕ್ಕೇರಿ ಮತ್ತು ಸಿರ್ಸಿಲ್ಲಾ. ಕೊಡಿನಾರ್, ಲಖನೌ ಸಂಘಗಳು ಬಹಳ ಹಿಂದೆಯೇ ಸರಕಾರಿ ಮಂಡಳಿಗಳ ಹೊಟ್ಟೆ ಸೇರಿದವು. ನಮಗೆ ಹತ್ತಿರದ ಪಾಠ ಮುಳಾ–ಪ್ರವರಾ. ಆಗಿನ ಅಹಮದನಗರ ಜಿಲ್ಲೆಯ ಶ್ರೀರಾಮಪುರದ ಸುತ್ತಲ ಕಬ್ಬಿನ ಸೀಮೆ ಅದು. ಸೊಸೈಟಿ, ಕಾರಖಾನೆ, ಶಿಕ್ಷಣ ಸಂಸ್ಥೆ ಎಲ್ಲವೂ ದೊಡ್ಡ ರಾಜಕೀಯ ಮನೆತನದ ಸುತ್ತ ಹೆಣೆದುಕೊಂಡ ಸೀಮೆ. ನಮ್ಮ ಕಡೆಯ ಚಿತ್ರವೇ ಅಲ್ಲೂ. ಆ ಸಂಘ ಮಂಡಳಿಯಿಂದ ವಿದ್ಯುತ್ ಕೊಂಡು ರೈತರಿಗೆ ಹಂಚುತ್ತಿತ್ತು, ಕೊಂಡಿದ್ದರ ಹಣ ಪೂರ್ತಿ ಕಟ್ಟುತ್ತಿರಲಿಲ್ಲ. ಬಾಕಿ ವರ್ಷದಿಂದ ವರ್ಷಕ್ಕೆ ಬೆಳೆಯಿತು. ರಾಜಕೀಯ ಬೆಂಬಲ ಇರುವ ತನಕ ಯಾರೂ ಮುಟ್ಟಲಿಲ್ಲ. ಮಹಾವಿತರಣದ ಲೆಕ್ಕದಲ್ಲಿ ಬಾಕಿ ಎರಡು ಸಾವಿರ ಕೋಟಿ ರೂಪಾಯಿ ದಾಟಿತ್ತು. 2011ರ ಜನವರಿ ಕೊನೆಗೆ ಪರವಾನಗಿ ಮುಗಿದಾಗ ಅಲ್ಲಿನ ವಿದ್ಯುತ್ ನಿಯಂತ್ರಣ ಆಯೋಗ ಆ ಪ್ರದೇಶವನ್ನು ಮಹಾವಿತರಣಕ್ಕೆ ಒಪ್ಪಿಸಿತು. ನಾಲ್ಕು ದಶಕ ರೈತರ ಹೆಸರಿನಲ್ಲಿ ನಡೆದ ಸಂಘ ಹಂಚಿಕೆಯ ಹಕ್ಕನ್ನೇ ಕಳೆದುಕೊಂಡಿತು. ಹುಕ್ಕೇರಿಯ ಪ್ರತಿ ಷೇರುದಾರನಿಗೂ ಈ ಕತೆ ಗೊತ್ತಿರಬೇಕು ಎಂಬುದು ನನ್ನ ಆಸೆ. ಸಂಘ ಮುಳುಗುವುದು ಒಂದು ಚುನಾವಣೆಯಲ್ಲಿ ತಪ್ಪು ಬಣ ಗೆದ್ದದ್ದರಿಂದ ಅಲ್ಲ. ಗೆದ್ದ ಬಣಗಳನ್ನು ಯಾರೂ ಲೆಕ್ಕ ಕೇಳದೆ ಹೋದದ್ದರಿಂದ.

ಈಗ ಸಂಘ ನಡೆಯುವ ಬಗೆಯನ್ನು ನೋಡೋಣ. ಸಂಘ ವಿದ್ಯುತ್ ಉತ್ಪಾದಿಸುವುದಿಲ್ಲ. ರಾಜ್ಯದ ಜಾಲದಿಂದ ಸಗಟಿಗೆ ಕೊಂಡು ಮನೆಗೆ, ಅಂಗಡಿಗೆ, ಗಿರಣಿಗೆ, ಪಂಪ್‌ಸೆಟ್ಟಿಗೆ ಹಂಚುತ್ತದೆ. ನಾವು ಯೂನಿಟ್ಟಿಗೆ ಎಷ್ಟು ಕೊಡಬೇಕು ಎಂಬುದನ್ನು ಬೆಂಗಳೂರಿನ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ನಿಗದಿ ಮಾಡುತ್ತದೆ. ಹೆಸ್ಕಾಂ, ಬೆಸ್ಕಾಂನಂತೆ ಹುಕ್ಕೇರಿ ಸಂಘವೂ ತನ್ನ ಲೆಕ್ಕಪತ್ರವನ್ನು ಆಯೋಗದ ಮುಂದೆ ಇಡಬೇಕು. ಹಾಗಾಗಿ ನಮ್ಮ ಪ್ಯಾನೆಲ್ ಗೆದ್ದರೆ ಕರೆಂಟು ಅಗ್ಗ ಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ ಅದು ಅವರ ಕೈಯಲ್ಲಿಲ್ಲದ ಮಾತು. ದರ ಏರಿಸುವ, ಇಳಿಸುವ ಅಧಿಕಾರ ಆಡಳಿತ ಮಂಡಳಿಗೆ ಇಲ್ಲ.

ಅವರ ಕೈಯಲ್ಲಿರುವುದು ಬೇರೆ, ಅದೂ ಸಣ್ಣದಲ್ಲ. ಯಾವ ಟಿಸಿ ಯಾವಾಗ ಬದಲಾಗಬೇಕು, ಹೊಸ ಕಂಬ ಎಲ್ಲಿ ನೆಡಬೇಕು, ಹಳೆಯ ಅಲ್ಯೂಮಿನಿಯಂ ತಂತಿ ಎಲ್ಲಿ ಬದಲಿಸಬೇಕು, ಸಾಮಾನು ಯಾರಿಂದ ಯಾವ ದರಕ್ಕೆ ಕೊಳ್ಳಬೇಕು, ಗುತ್ತಿಗೆ ಯಾರಿಗೆ, ನೌಕರಿ ಯಾರಿಗೆ, ಹೊಸ ಸಂಪರ್ಕ ಎಷ್ಟು ದಿನಕ್ಕೆ. ಒಂದು ತಾಲ್ಲೂಕಿನ ನಿತ್ಯದ ಬದುಕು ಪೂರ್ತಿ ಈ ತೀರ್ಮಾನಗಳ ಮೇಲೆ ನಿಂತಿದೆ. ಹಣವೂ ಇಲ್ಲೇ ಇದೆ. ದೊಡ್ಡ ಮನೆತನಗಳು ಈ 15 ಕುರ್ಚಿಗಾಗಿ ಇಷ್ಟು ಬಡಿದಾಡುವುದಕ್ಕೆ ಕಾರಣ ಪ್ರತಿಷ್ಠೆ ಮಾತ್ರ ಎಂದು ನಾನು ನಂಬುವುದಿಲ್ಲ. ನೌಕರಿ, ಗುತ್ತಿಗೆ, ಮತ್ತು ಪ್ರತಿ ಮನೆಯ ಬಾಗಿಲಿಗೆ ಹೋಗುವ ಲೈನ್‌ಮನ್ ಕೈಯಲ್ಲಿದ್ದರೆ ಮುಂದಿನ ವಿಧಾನಸಭಾ ಚುನಾವಣೆಯ ಅರ್ಧ ಕೆಲಸ ಮುಗಿದಂತೆ.

ಇನ್ನು ಸೋರಿಕೆಯ ಲೆಕ್ಕ. ಇದು ತುಸು ಗೋಜಲು, ಆದರೆ ಇದನ್ನು ಹಿಡಿದರೆ ಉಳಿದದ್ದೆಲ್ಲ ಬಿಚ್ಚಿಕೊಳ್ಳುತ್ತದೆ. ಊಹೆಗೆ ಸಂಘ 100 ಯೂನಿಟ್ ಕೊಂಡಿತು ಎನ್ನೋಣ. ಮನೆ, ಅಂಗಡಿ, ಕಾರಖಾನೆಗಳ ಮೀಟರಿನಲ್ಲಿ 55 ಯೂನಿಟ್ ಸಿಕ್ಕಿತು. ಉಳಿದ 45 ಎಲ್ಲಿ ಹೋಯಿತು? ಒಂದಷ್ಟು ಪಂಪ್‌ಸೆಟ್ಟಿಗೆ ಹೋಯಿತು, ಒಂದಷ್ಟು ತಂತಿಯಲ್ಲೇ ಬಿಸಿಯಾಗಿ ಹೋಯಿತು, ಒಂದಷ್ಟು ಕಳವಾಯಿತು. 2008ರಿಂದ ರಾಜ್ಯದಲ್ಲಿ 10 ಎಚ್‌.ಪಿ.ವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಬಹುತೇಕ ಪಂಪ್‌ಸೆಟ್ಟಿಗೆ ಮೀಟರ್ ಇಲ್ಲ. ಹಾಗಿರುವಾಗ 45ರಲ್ಲಿ 30 ಪಂಪ್‌ಸೆಟ್ಟಿನದು, 15 ಸೋರಿಕೆ ಎಂದು ಬರೆಯಬಹುದು. 37 ಪಂಪ್‌ಸೆಟ್ಟಿನದು, 8 ಮಾತ್ರ ಸೋರಿಕೆ ಎಂದೂ ಬರೆಯಬಹುದು. ಎರಡನೆಯ ಲೆಕ್ಕದಲ್ಲಿ ಆಡಳಿತದ ಹೆಸರೂ ಉಳಿಯುತ್ತದೆ, ಸರಕಾರದಿಂದ ಕೇಳುವ ಸಬ್ಸಿಡಿಯೂ ಹೆಚ್ಚುತ್ತದೆ. ಹುಕ್ಕೇರಿಯಲ್ಲಿ ಹೀಗೇ ನಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ದೇಶದ ವಿದ್ಯುತ್ ಹಂಚಿಕೆಯ ಕಂಪನಿಗಳೆಲ್ಲದರ ಮುಂದೆಯೂ ಇರುವ ಸಂಶಯ ಇದು. ಇದನ್ನು ತೀರಿಸಲು ಇರುವ ದಾರಿ ಪ್ರತಿ ಟಿಸಿಗೆ ಮೀಟರ್ ಕೂರಿಸಿ, ಯಾವ ಟಿಸಿಗೆ ಎಷ್ಟು ಹೋಯಿತು, ಅದರಿಂದ ಎಷ್ಟು ವಸೂಲಾಯಿತು ಎಂದು ಊರಿನ ಮುಂದೆ ಇಡುವುದು. ಹೆಸ್ಕಾಂನಂಥ ದೊಡ್ಡ ಕಂಪನಿಗೆ ಇದು ಬೆಟ್ಟದಷ್ಟು ಕೆಲಸ. ಒಂದೇ ತಾಲ್ಲೂಕಿನ ಸಂಘಕ್ಕೆ ಸಾಧ್ಯವಿರುವ ಕೆಲಸ. ಚಿಕ್ಕದಾಗಿರುವುದರ ಲಾಭವನ್ನು ಇಲ್ಲಿ ಪಡೆಯದಿದ್ದರೆ ಸಹಕಾರಿ ಸಂಘ ಬೇಕಾದದ್ದಾದರೂ ಏತಕ್ಕೆ?

ಬಾಂಗ್ಲಾದೇಶದಲ್ಲಿ 1970ರ ದಶಕದ ಕೊನೆಯಲ್ಲಿ ಇದೇ ಅಮೆರಿಕನ್ ಮಾದರಿಯ ಪಲ್ಲಿ ವಿದ್ಯುತ್ ಸಮಿತಿಗಳು ಶುರುವಾದವು. ಅಲ್ಲಿ ಪ್ರತಿ ಸಮಿತಿಯೂ ಸೋರಿಕೆ ಎಷ್ಟಕ್ಕೆ ಇಳಿಸಬೇಕು, ವಸೂಲಿ ಎಷ್ಟಾಗಬೇಕು ಎಂದು ವರ್ಷಕ್ಕೊಮ್ಮೆ ಗುರಿಗೆ ಸಹಿ ಹಾಕುತ್ತಿತ್ತು, ಮುಟ್ಟಿದರೆ ನೌಕರರಿಗೆ ಬಹುಮಾನ. ನಮ್ಮ ಪ್ಯಾನೆಲ್‌ಗಳ ಕರಪತ್ರದಲ್ಲಿ ಅಂಥ ಒಂದು ಅಂಕಿ ಇದ್ದಿದ್ದರೆ ಐದು ವರ್ಷದ ನಂತರ ಎದುರಿಗಿಟ್ಟು ಕೇಳಬಹುದಿತ್ತು.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಇನ್ನೊಂದು ಬದಲಾವಣೆಯಾಗಿದೆ. ತಿಂಗಳಿಗೆ 200 ಯೂನಿಟ್ಟಿನೊಳಗೆ ಬಳಸುವ ಹೆಚ್ಚಿನ ಮನೆಗಳ ಬಿಲ್ಲು ಸೊನ್ನೆ. ಬಡ ಮನೆಗೆ ಇದು ದೊಡ್ಡ ಆಸರೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಪಂಪ್‌ಸೆಟ್ಟಿನ ಹಣವನ್ನೂ ಸರಕಾರ ಕೊಡಬೇಕು, ಮನೆಯ ಹಣವನ್ನೂ ಸರಕಾರ ಕೊಡಬೇಕು ಎಂದಾದಾಗ ಸಂಘದ ಅತಿ ದೊಡ್ಡ ಗ್ರಾಹಕ ಬೆಂಗಳೂರಿನಲ್ಲಿ ಕೂತಂತಾಯಿತು. ಸಬ್ಸಿಡಿ ಹೊತ್ತಿಗೆ ಬಂದರೆ ಸಂಘ ಉಸಿರಾಡುತ್ತದೆ, ತಡವಾದರೆ ಕಟ್ಟಬೇಕಾದದ್ದನ್ನು ಕಟ್ಟಲಾಗದೆ ಕೂರುತ್ತದೆ. ಆಗ ಸರಕಾರದಲ್ಲಿ ಯಾರ ಮಾತು ನಡೆಯುತ್ತದೋ ಅವರ ಹಂಗು ಬೆಳೆಯುತ್ತದೆ. ಸೊನ್ನೆ ಬಿಲ್ಲು ಬರುವ ಮನೆಯವರಿಗೆ ಸಂಘದ ನಷ್ಟ ಸುಡುವುದಿಲ್ಲ. ನಷ್ಟದ ಬಿಸಿ ಅವರಿಗೆ ತಟ್ಟುವುದು ಟಿಸಿ ಸುಟ್ಟು ಬೆಳೆ ಒಣಗುವಾಗ, ಆಗ ಹೊತ್ತು ಮೀರಿರುತ್ತದೆ.

ಊರಿನ ಬೀದಿದೀಪ, ಕುಡಿಯುವ ನೀರಿನ ಮೋಟರಿನ ಬಿಲ್ಲೂ ಇದೇ ಲೆಕ್ಕಕ್ಕೆ ಸೇರುತ್ತದೆ. ರಾಜ್ಯದುದ್ದಕ್ಕೂ ಗ್ರಾಮ ಪಂಚಾಯಿತಿಗಳು ವಿದ್ಯುತ್ ಬಾಕಿ ಉಳಿಸಿಕೊಳ್ಳುವುದು ಹಳೆಯ ರೋಗ. ಬೇರೆ ಕಡೆ ಪಂಚಾಯಿತಿ ಬಾಕಿ ಇಟ್ಟರೆ ಸರಕಾರಿ ಕಂಪನಿಗೆ ನಷ್ಟ. ಇಲ್ಲಿ ಊರಿನ ಪಂಚಾಯಿತಿ ಅದೇ ಊರಿನವರು ಷೇರು ಹಾಕಿದ ಸಂಘಕ್ಕೆ ಬಾಕಿ ಇಟ್ಟಂತಾಗುತ್ತದೆ. ಗ್ರಾಮಸಭೆಯಲ್ಲಿ ಇದನ್ನು ಎತ್ತುವುದಕ್ಕೆ ಯಾವ ನಾಯಕನ ಅನುಮತಿಯೂ ಬೇಕಿಲ್ಲ.

ಇಷ್ಟು ಹೇಳಿದ ಮೇಲೆ ಮನೆತನಗಳ ರಾಜಕೀಯದ ಮಾತು ಬಿಡಲಾಗದು. ಸೆಪ್ಟೆಂಬರಿನ ಎರಡೂ ಪ್ಯಾನೆಲ್‌ಗಳನ್ನು ಪಕ್ಷದ ಕನ್ನಡಕ ಹಾಕಿ ನೋಡಿದರೆ ಏನೂ ತಿಳಿಯದು. ಒಂದು ಕಡೆ ಕಾಂಗ್ರೆಸ್ಸಿನ ಸತೀಶ ಜಾರಕಿಹೊಳಿ, ಬಿಜೆಪಿಯ ಜೊಲ್ಲೆ. ಇನ್ನೊಂದು ಕಡೆ ಹುಕ್ಕೇರಿಯ ಬಿಜೆಪಿ ಶಾಸಕ ನಿಖಿಲ ಕತ್ತಿಯವರ ಮನೆತನ, ಮತ್ತು 2023ರಲ್ಲಿ ಅದೇ ನಿಖಿಲರ ವಿರುದ್ಧ ಕಾಂಗ್ರೆಸ್ಸಿನಿಂದ ನಿಂತು ಸೋತ ಎ.ಬಿ. ಪಾಟೀಲರು. ಮುಂದಿನ ತಿಂಗಳು, ಅಕ್ಟೋಬರ್ 19ರಂದು ಬೆಳಗಾವಿ ಡಿಸಿಸಿ ಬ್ಯಾಂಕಿನ ಚುನಾವಣೆ ನಡೆದು ಅಲ್ಲಿ ಜಾರಕಿಹೊಳಿ ಬಣದ ಕೈ ಮೇಲಾಯಿತು, ನಂತರ ಜೊಲ್ಲೆಯವರು ಅಧ್ಯಕ್ಷರಾದರು. ಈ ಮನೆತನಗಳ ಹಿಡಿತ ಹಳೆಯದು. ಜಾರಕಿಹೊಳಿ ಸಹೋದರರಲ್ಲಿ ಗೋಕಾಕದಲ್ಲಿ ರಮೇಶ 1999ರಿಂದ ಶಾಸಕರು, ಅರಭಾವಿಯಲ್ಲಿ ಬಾಲಚಂದ್ರ 2004ರಿಂದ, ಯಮಕನಮರಡಿಯಲ್ಲಿ ಸತೀಶ 2008ರಿಂದ, 2021ರಲ್ಲಿ ಆರಿಸಿ ಬಂದ ಲಖನ್ ವಿಧಾನ ಪರಿಷತ್ತಿನಲ್ಲಿ. ಹುಕ್ಕೇರಿಯಲ್ಲಿ ವಿಶ್ವನಾಥ ಕತ್ತಿಯವರ ನಂತರ 1985ರಿಂದ ಬಹುಕಾಲ ಉಮೇಶ ಕತ್ತಿ, 2022ರಲ್ಲಿ ಅವರು ತೀರಿಕೊಂಡ ಮೇಲೆ ಮಗ ನಿಖಿಲ. ಜನ ಮತ ಹಾಕಿಯೇ ಇವರನ್ನು ಗೆಲ್ಲಿಸಿದ್ದಾರೆ, ಅದನ್ನು ಅಲ್ಲಗಳೆಯುವುದು ಮತದಾರನಿಗೆ ಮಾಡುವ ಅವಮಾನ. ನನ್ನ ಆಕ್ಷೇಪ ಮನೆತನಗಳು ಗೆಲ್ಲುವುದಕ್ಕಲ್ಲ. ಅವರ ನಡುವಿನ ಜಗಳ ನಮ್ಮ ಸಂಘದ ಕೆಲಸದ ಚರ್ಚೆಯನ್ನು ನುಂಗಿಹಾಕುವುದಕ್ಕೆ.

ಸಹಕಾರಿ ಚುನಾವಣೆಗಳು ಇಷ್ಟು ಕಾವೇರುವುದಕ್ಕೆ ಇನ್ನೊಂದು ಕಾರಣವಿದೆ, ಅದರ ಕಡೆ ಯಾರೂ ಬೆರಳು ತೋರುತ್ತಿಲ್ಲ. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ ಕಡೆಯ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ ಎಂದು ಹೇಳುತ್ತ ಸರಕಾರಗಳು ವರ್ಷಗಟ್ಟಲೆ ದೂಡಿದವು. ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತುಕೊಂಡದ್ದು ಬಿಜೆಪಿ ಸರಕಾರ, ನಂತರವೂ ಚುನಾವಣೆ ನಡೆಸದೆ ಕಾಲ ಕಳೆದದ್ದು ಕಾಂಗ್ರೆಸ್ ಸರಕಾರ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರಸ್ತೆ, ಶಾಲೆ, ಆರೋಗ್ಯ ಕೇಂದ್ರಗಳ ಮೇಲೆ ಜನರಿಂದ ಆರಿಸಿ ಬಂದವರ ಕಣ್ಣು ಇಲ್ಲದೆ, ಆಡಳಿತಾಧಿಕಾರಿಗಳ ಸಹಿಯಲ್ಲೇ ಕೆಲಸ ನಡೆಯಿತು. 2017ರಲ್ಲಿ ಹೊಸ ತಾಲ್ಲೂಕುಗಳ ಪಟ್ಟಿಯಿಂದ ಹೆಸರು ಬಿಟ್ಟುಹೋದಾಗ ಮೂಡಲಗಿಯ ಜನ ಬೀದಿಗಿಳಿದು ಹೋರಾಡಿ ತಾಲ್ಲೂಕು ಪಡೆದರು. ಅಷ್ಟು ಹೋರಾಡಿ ಪಡೆದ ತಾಲ್ಲೂಕಿಗೆ ತನ್ನದೇ ಆದ ಚುನಾಯಿತ ತಾಲ್ಲೂಕು ಪಂಚಾಯಿತಿಯನ್ನು ನೋಡುವ ಭಾಗ್ಯ ವರ್ಷಗಳ ಕಾಲ ಬರಲಿಲ್ಲ.

ನಡುವಿನ ಆ ಎರಡು ಮೆಟ್ಟಿಲು ಖಾಲಿಯಾದಾಗ ಊರಿನಲ್ಲಿ ಬೆಳೆಯಬೇಕಾದ ರಾಜಕಾರಣಿಗಳು ಎಲ್ಲಿಗೆ ಹೋಗಬೇಕು? ಸಹಕಾರಿ ಸಂಘಗಳಿಗೆ. ಶಾಸಕರಾಗುವ ಆಸೆಯಿರುವವನಿಗೂ, ಶಾಸಕರ ಹಿಂದೆ ನಿಲ್ಲುವವನಿಗೂ ಬಲ ತೋರಿಸಲು ಉಳಿದ ಕಣ ಊರಿನ ಕೃಷಿ ಪತ್ತಿನ ಸಂಘ (ಪಿಕೆಪಿಎಸ್), ಡಿಸಿಸಿ ಬ್ಯಾಂಕು, ಸಕ್ಕರೆ ಕಾರಖಾನೆ, ವಿದ್ಯುತ್ ಸಂಘ. ಜಿಲ್ಲಾ ಪಂಚಾಯಿತಿಯ ಜಗಳವೆಲ್ಲ ಟಿಸಿಯ ಮೇಲೆ ಬಂದು ಕುಳಿತಿದೆ. ಪಂಚಾಯಿತಿ ಚುನಾವಣೆಯನ್ನು ಹೊತ್ತಿಗೆ ಸರಿಯಾಗಿ ನಡೆಸಿದರೆ ಸಹಕಾರಿ ಸಂಘಗಳ ಮೇಲಿನ ಈ ಒತ್ತಡ ಇಳಿಯುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಸಹಕಾರ ಉಳಿಸಿ ಎಂದು ಭಾಷಣ ಮಾಡುವ ಸಚಿವರು, ಶಾಸಕರು ಮೊದಲು ವಿಧಾನಸೌಧದಲ್ಲಿ ಇದಕ್ಕಾಗಿ ದನಿ ಎತ್ತಲಿ.

ಇದೆಲ್ಲ ಕೇಳಿ ಕೆಲವರು, ಹಾಗಾದರೆ ಸಂಘವೇ ಬೇಡ, ಹೆಸ್ಕಾಂಗೆ ಕೊಟ್ಟುಬಿಡಿ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಆದದ್ದನ್ನು ನೆನೆಯಿರಿ. ಟನ್ನಿಗೆ 3,500 ರೂಪಾಯಿ ಕೊಡಿ ಎಂದು ಕಬ್ಬು ಬೆಳೆಗಾರರು ದಿನಗಟ್ಟಲೆ ರಸ್ತೆಯಲ್ಲಿ ಕೂತರು. ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಟೋಲಿನ ಬಳಿ ಕಲ್ಲು ತೂರಾಟವೂ ನಡೆಯಿತು. ಕಡೆಗೆ ಮುಖ್ಯಮಂತ್ರಿ ಸಭೆ ಕರೆದು, ಶೇ 11.25 ಸಕ್ಕರೆ ಇಳುವರಿಗೆ 3,300 ರೂಪಾಯಿ ಎಂದು ತೀರ್ಮಾನ ಹೇಳಿದರು. ರೈತ ರಸ್ತೆಗೆ ಬಂದದ್ದೇಕೆ? ಈ ಭಾಗದ ಹೆಚ್ಚಿನ ಕಬ್ಬು ಹೋಗುವುದು ಖಾಸಗಿ ಕಾರಖಾನೆಗಳಿಗೆ. ಅವುಗಳಲ್ಲಿ ಹಲವು ಪಕ್ಷಭೇದವಿಲ್ಲದೆ ನಮ್ಮ ನಾಯಕರ ಮನೆತನಗಳದೇ. ಖಾಸಗಿ ಕಾರಖಾನೆಯಲ್ಲಿ ಬೆಳೆಗಾರ ಎದ್ದು ನಿಂತು ಲೆಕ್ಕ ಕೇಳುವ ಸಭೆ ಇಲ್ಲ. ಕೇಳುವ ಜಾಗವಿಲ್ಲದ್ದಕ್ಕೆ ಹೆದ್ದಾರಿಯೇ ಜಾಗವಾಯಿತು. ಕರೆಂಟಿನ ವಿಷಯದಲ್ಲಿ ಹುಕ್ಕೇರಿಯವರಿಗೆ ಆ ಜಾಗ ಇನ್ನೂ ಇದೆ. 1969ರಲ್ಲಿ ಹಿರಿಯರು ಕಟ್ಟಿಕೊಟ್ಟದ್ದು ಅದು. ಅದನ್ನು ಕೈಯಾರೆ ಒಪ್ಪಿಸಿ ನಾಳೆ ಶಾಖಾಧಿಕಾರಿಯ ಕಚೇರಿ ಮುಂದೆ ಧರಣಿ ಕೂರುವುದರಲ್ಲಿ ಯಾವ ಜಾಣತನವೂ ಇಲ್ಲ.

ಹಾಗೆಂದು ಬರೀ ಮತ ಹಾಕಿದರೆ ಆ ಜಾಗ ಉಳಿಯದು. ಐದು ವರ್ಷಕ್ಕೊಮ್ಮೆ ಜೀಪು ಬಂದು ಮತಗಟ್ಟೆಗೆ ಕರೆದೊಯ್ಯುವ ದಿನ ಷೇರುದಾರ ರಾಜ. ವರ್ಷವರ್ಷ ನಡೆಯುವ ಸರ್ವಸಾಧಾರಣ ಸಭೆಗೆ ಆತ ಹೋಗುವುದಿಲ್ಲ. ಹೋದರೂ ವರದಿ ಓದಿದರು, ಮಂಜೂರ್ ಎಂದರು, ಊಟವಾಯಿತು ಎಂಬಷ್ಟಕ್ಕೆ ಸಭೆ ಮುಗಿಯುವುದು ನಮ್ಮ ಸೀಮೆಯ ಸಹಕಾರಿ ಸಂಘಗಳಲ್ಲಿ ರೂಢಿಯಾಗಿಬಿಟ್ಟಿದೆ. ಇದಕ್ಕೆ ಕತ್ತಿಯವರನ್ನೋ ಜಾರಕಿಹೊಳಿಯವರನ್ನೋ ಬೈದು ಪ್ರಯೋಜನವಿಲ್ಲ. ಮಂಜೂರ್ ಎಂದು ಕೈ ಎತ್ತಿದವರು ನಾವು. ಮಹಿಳಾ ಷೇರುದಾರರಂತೂ ಮತಪಟ್ಟಿಯಲ್ಲಿ ಕಾಣುವಷ್ಟು ಸಭೆಯಲ್ಲಿ ಕಾಣುವುದಿಲ್ಲ. ಕರೆಂಟು ಹೋದ ಹೊತ್ತಿನಲ್ಲಿ ನೀರು, ಅಡುಗೆ, ಮಕ್ಕಳ ಓದು ಎಲ್ಲವನ್ನೂ ಸರಿದೂಗಿಸುವವರು ಅವರು. ಕೇಳಬೇಕಾದ ಪ್ರಶ್ನೆಗಳು ಅವರ ಬಳಿ ಹೆಚ್ಚಿವೆ.

ಕೇಳಲು ಆಧಾರವೂ ಇದೆ. ಗ್ರಾಹಕರಿಗೆ ಕೊಡಬೇಕಾದ ಸೇವೆ ಹೇಗಿರಬೇಕೆಂದು ವಿದ್ಯುತ್ ಆಯೋಗ ಮಾನದಂಡ ಮಾಡಿದೆ. ಅದರ ಪ್ರಕಾರ ಟಿಸಿ ಕೆಟ್ಟರೆ ಪಟ್ಟಣದಲ್ಲಿ 24 ಗಂಟೆಯೊಳಗೆ, ಹಳ್ಳಿಯಲ್ಲಿ 72 ಗಂಟೆಯೊಳಗೆ ಬದಲಿಸಬೇಕು. ಯಾರ ಕೈಕಾಲು ಹಿಡಿಯದೆ ಸಿಗಬೇಕಾದ ಸೇವೆ ಇದು. ನಿರ್ದೇಶಕರು ಫೋನು ಮಾಡಿ ಟಿಸಿ ತರಿಸಿಕೊಟ್ಟರು ಎಂದು ಉಪಕಾರ ನೆನೆಯುವ ರೂಢಿ ನಿಲ್ಲಬೇಕು. ತಡವಾದರೆ ದೂರು ಬರೆದುಕೊಟ್ಟು ಸ್ವೀಕೃತಿ ಪಡೆಯಬೇಕು. ದರ ಪರಿಷ್ಕರಣೆಗೆ ಮುಂಚೆ ಆಯೋಗ ಆಕ್ಷೇಪಣೆ ಕರೆಯುತ್ತದೆ, ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾವ ಗ್ರಾಹಕ ಬೇಕಾದರೂ ಅಲ್ಲಿ ಮಾತಾಡಬಹುದು. ಆಯೋಗಕ್ಕೆ ಸಂಘ ಕೊಡುವ ಲೆಕ್ಕಪತ್ರ ಕನ್ನಡದಲ್ಲಿ, ಊರಿನವರಿಗೆ ತಿಳಿಯುವ ಭಾಷೆಯಲ್ಲಿ, ಪ್ರತಿ ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಬರಲಿ. ಗೆದ್ದ 15 ಜನರಿಗೆ ಇದನ್ನು ಮಾಡಲು ಯಾವ ಸಚಿವರ ಒಪ್ಪಿಗೆಯೂ ಬೇಡ, ಹೆಚ್ಚು ಹಣವೂ ಬೇಡ. ಮಾಡಿದರೆ ಮುಂದಿನ ಚುನಾವಣೆಯಲ್ಲಿ ಅವರಿಗೆ ಹೇಳಿಕೊಳ್ಳಲು ಸ್ವಾಭಿಮಾನಕ್ಕಿಂತ ಗಟ್ಟಿಯಾದದ್ದು ಇರುತ್ತದೆ.

ಸೆಪ್ಟೆಂಬರಿನೊಳಗೆ ಸಹಕಾರಿ ಸಂಘಗಳ ವಾರ್ಷಿಕ ಸಭೆ ನಡೆಯಬೇಕೆಂಬುದು ಕಾನೂನು. ನೋಟಿಸಿನ ಜೊತೆಗೆ ವರದಿ ಪುಸ್ತಕ ಬರುತ್ತದೆ, ಅದರ ಮೊದಲ ಪುಟಗಳಲ್ಲಿ ನಾಯಕರ ಭಾವಚಿತ್ರಗಳಿರುತ್ತವೆ. ಅವನ್ನು ದಾಟಿ ಜಮಾ–ಖರ್ಚಿನ ಪುಟಕ್ಕೆ ಹೋಗಿ. ಕೊಂಡ ಯೂನಿಟ್ ಎಷ್ಟು, ಬಿಲ್ ಮಾಡಿದ್ದು ಎಷ್ಟು, ಪಂಪ್‌ಸೆಟ್ಟಿನ ಲೆಕ್ಕಕ್ಕೆ ಬರೆದದ್ದು ಎಷ್ಟು, ಸಗಟು ವಿದ್ಯುತ್ತಿಗೆ ಕೊಡಬೇಕಾದ ಬಾಕಿ ಎಷ್ಟು, ಸರಕಾರದಿಂದ ಬರಬೇಕಾದ ಸಬ್ಸಿಡಿ ಎಷ್ಟು, ವರ್ಷದಲ್ಲಿ ಸುಟ್ಟ ಟಿಸಿ ಎಷ್ಟು, ದುರಸ್ತಿಗೆ ಕೊಟ್ಟದ್ದು ಯಾರಿಗೆ. ಪುಸ್ತಕದಲ್ಲಿ ಸಿಗದ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು, ಹಿಂದಿನ ಸಾಲಿನಲ್ಲಿ ಕೂರದೆ ಮೈಕಿನ ಹತ್ತಿರ ಕೂತು, ಅಧ್ಯಕ್ಷರು ಮಂಜೂರಾ ಎಂದು ಕೇಳುವ ಮುಂಚೆ ಎದ್ದು ನಿಂತು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಕುಳಿತುಕೊಳ್ಳಿ.